ಹಳೇ ಪಿಸಿಗೆ 4 ಟಿಬಿ ಡಿಸ್ಕ್ ಹಾಕಿದರೆ 1678 ಜಿಬಿ ಮಾತ್ರ ಕಾಣುತ್ತಿದೆ, ಉಳಿದದ್ದು ಎಲ್ಲಿ ಹೋಯಿತು?

ನೆಗೆಟಿವ್ ಪೆಟ್ಟಿಗೆ, ಸಾಗರ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪನದು ಫೋಟೋ ಸ್ಟುಡಿಯೋ. 1984ರಿಂದ ತೆಗೆದ ನೆಗೆಟಿವ್‌ಗಳು ಎರಡು ಕಬ್ಬಿಣದ ಟ್ರಂಕಿನಲ್ಲಿ ಇವೆ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಯಕ್ಷಗಾನದ ವೇಷಗಳು, ಎಲ್ಲಾ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿದೆ. ಅದಕ್ಕೇ ಸ್ಕ್ಯಾನ್ ಮಾಡಲು ಶುರು ಮಾಡಿದ್ದೇನೆ. 4000 ಡಿಪಿಐನಲ್ಲಿ ಒಂದು ಫ್ರೇಮಿಗೆ ಟಿಫ್ ಫೈಲು ಸುಮಾರು 64 ಎಂಬಿ ಆಗುತ್ತದೆ. 36 ಫ್ರೇಮಿನ ಒಂದು ರೋಲಿಗೆ 2.3 ಜಿಬಿ.

ಫಿಲ್ಮ್ ಸ್ಕ್ಯಾನರಿಗೆ ವಿಂಡೋಸ್ ಎಕ್ಸ್‌ಪಿ ಡ್ರೈವರ್ ಮಾತ್ರ ಇರುವುದು. ಹಾಗಾಗಿ ಹಳೇ ಪಿಸಿಯನ್ನೇ ಇಟ್ಟುಕೊಂಡಿದ್ದೇನೆ: ಕೋರ್ 2 ಡ್ಯುಯೋ, ಜಿ31 ಬೋರ್ಡು, 2 ಜಿಬಿ ರ್ಯಾಮ್, 32 ಬಿಟ್ ಎಕ್ಸ್‌ಪಿ, ಸರ್ವೀಸ್ ಪ್ಯಾಕ್ 3. ಒಳಗಿದ್ದ 320 ಜಿಬಿ ಡಿಸ್ಕ್ ತುಂಬಿ ಹೋಯಿತು. ಕಳೆದ ವಾರ 4 ಟಿಬಿಯ ಹೊಸ ಡಿಸ್ಕ್ ತಂದು ಹಾಕಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ 1678 ಜಿಬಿ. ಅರ್ಧಕ್ಕಿಂತ ಕಡಿಮೆ! ಅಂಗಡಿಯವರು "ಅಷ್ಟೇ ಬರೋದು, ಉಳಿದದ್ದು ಫಾರ್ಮ್ಯಾಟಿಗೆ ಹೋಗುತ್ತೆ" ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಇದು ಡಿಸ್ಕಿನ ದೋಷವೋ, ಪಿಸಿಯ ದೋಷವೋ? ಈ 1678ನ್ನೇ ನಂಬಿ ಫೋಟೋ ತುಂಬಬಹುದಾ?

ತುಂಗಾತೀರ, ಶಿವಮೊಗ್ಗ

ಮೊದಲನೇ ಮಾತು: ಇವತ್ತು ಆ ಡಿಸ್ಕಿಗೆ ಒಂದು ಫೈಲನ್ನೂ ಹಾಕಬೇಡಿ. ಡಿಸ್ಕ್ ಕೆಟ್ಟಿಲ್ಲ. ಫಾರ್ಮ್ಯಾಟಿಗೆ ಅಷ್ಟೊಂದು ಹೋಗುವುದೂ ಇಲ್ಲ.

ಲೆಕ್ಕ ನೋಡಿ. 4 ಟಿಬಿ ಅಂತ ಡಬ್ಬಿಯ ಮೇಲೆ ಬರೆದಿದ್ದು ವಿಂಡೋಸ್ ಎಣಿಸುವ ರೀತಿಯಲ್ಲಿ 3726 ಜಿಬಿ ಆಗುತ್ತದೆ. ಅದರಲ್ಲಿ 2048 ಕಳೆಯಿರಿ. 1678 ಉಳಿಯಿತಲ್ಲ? ನಿಮ್ಮ ಪರದೆಯ ಮೇಲೆ ಕಾಣುತ್ತಿರುವುದು ಅದೇ.

2048 ಎಲ್ಲಿಂದ ಬಂತು ಅಂದರೆ, ಎಕ್ಸ್‌ಪಿ ಡಿಸ್ಕಿನ ಸೆಕ್ಟರುಗಳನ್ನು (ಡೇಟಾ ಇಡುವ ಸಣ್ಣ ಸಣ್ಣ ಖಾನೆಗಳನ್ನು) 32 ಬಿಟ್ ಸಂಖ್ಯೆಯಲ್ಲಿ ಎಣಿಸುತ್ತದೆ. ಒಂದು ಸೆಕ್ಟರಿಗೆ 512 ಬೈಟ್. 32 ಬಿಟ್ಟಿನಲ್ಲಿ 429 ಕೋಟಿ ಚಿಲ್ಲರೆ ಸೆಕ್ಟರ್ ತನಕ ಎಣಿಸಬಹುದು, ಆಮೇಲೆ ಮತ್ತೆ ಸೊನ್ನೆಯಿಂದ. ಹಳೇ ಸ್ಕೂಟರಿನ ಮೀಟರ್ 99999 ಆದಮೇಲೆ 00000ಕ್ಕೆ ಬರುತ್ತಿತ್ತಲ್ಲ, ಹಾಗೆ. ನಿಮ್ಮ ಡಿಸ್ಕಿನಲ್ಲಿ 781 ಕೋಟಿ ಚಿಲ್ಲರೆ ಸೆಕ್ಟರ್ ಇವೆ. ಮೀಟರು ಒಂದು ಸುತ್ತು ಪೂರ್ತಿ ತಿರುಗಿ, ಎರಡನೇ ಸುತ್ತಿನಲ್ಲಿ 351 ಕೋಟಿಗೆ ನಿಂತಿದೆ. ಅದನ್ನೇ ಎಕ್ಸ್‌ಪಿ ಇಡೀ ಡಿಸ್ಕ್ ಅಂದುಕೊಂಡಿದೆ. 3 ಟಿಬಿ ಡಿಸ್ಕ್ ಹಾಕಿದ್ದರೆ 746 ತೋರಿಸುತ್ತಿತ್ತು. ನನ್ನ ಅಂಗಡಿಗೆ ಇದೇ ದೂರು ಹಿಡಿದುಕೊಂಡು ಎಷ್ಟೋ ಜನ ಬಂದಿದ್ದಾರೆ.

ಹೊಸ ಬೋರ್ಡು, ಬೆಂಗಳೂರು

ಲೆಕ್ಕ ಸರಿ ಇದೆ ಸರ್, ಆದರೆ ನನಗೆ ಮೂಲ ಪ್ರಶ್ನೆಯೇ ಬೇರೆ. 40 ವರ್ಷದ ನೆಗೆಟಿವ್ ಕೆಲಸವನ್ನು ಇಷ್ಟು ಹಳೇ ಬೋರ್ಡಿನ ಮೇಲೆ ಯಾಕೆ ಇಡಬೇಕು? ಎಕ್ಸ್‌ಪಿಗೆ ಅಪ್‌ಡೇಟ್ ನಿಂತಿದ್ದು 2014ರ ಏಪ್ರಿಲ್‌ನಲ್ಲಿ. ಬೋರ್ಡಿನ ಕೆಪಾಸಿಟರ್ ಉಬ್ಬಿರಬಹುದು, ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಸುಸ್ತಾಗಿರಬಹುದು. ಎಸ್‌ಪಿ ರೋಡಿಗೆ ಬಂದರೆ ಆಫೀಸುಗಳಿಂದ ಬಂದ ಒಳ್ಳೇ ಸೆಕೆಂಡ್ ಹ್ಯಾಂಡ್ ಪಿಸಿ ಸಿಗುತ್ತದೆ. ಯುಇಎಫ್‌ಐ (ಈಗಿನ ಪಿಸಿಗಳ ಹೊಸ ಬೂಟ್ ವ್ಯವಸ್ಥೆ) ಇರುವ ಬೋರ್ಡು ತಗೊಳ್ಳಿ, 4 ಟಿಬಿ ಏನು, 16 ಟಿಬಿ ಹಾಕಿದರೂ ತಕರಾರಿಲ್ಲ. ಸ್ಕ್ಯಾನರಿಗೆ ವ್ಯೂಸ್ಕ್ಯಾನ್ ತರಹದ ಸಾಫ್ಟ್‌ವೇರ್ ಇದೆ, ಎಷ್ಟೋ ಹಳೇ ಸ್ಕ್ಯಾನರ್‌ಗಳು ಹೊಸ ವಿಂಡೋಸಿನಲ್ಲಿ ಅದರಿಂದ ನಡೆಯುತ್ತವೆ.

ನೆಗೆಟಿವ್ ಪೆಟ್ಟಿಗೆ, ಸಾಗರ

ಸರ್, ನೀವು ಹೇಳುವುದು ತಪ್ಪು ಅಂತ ನಾನು ಹೇಳಲ್ಲ. ಆದರೆ ಈ ತಿಂಗಳು ಡಿಸ್ಕಿಗೇ ಕೈಯಲ್ಲಿದ್ದ ದುಡ್ಡು ಮುಗಿಯಿತು. ಇನ್ನೊಂದು ವಿಷಯ, ಅಪ್ಪ ಎಕ್ಸ್‌ಪಿಯಲ್ಲಿ ಆ ಸ್ಕ್ಯಾನರಿನ ಬಣ್ಣದ ಸೆಟ್ಟಿಂಗ್ ಕೂಡಿಸಿ ಇಟ್ಟಿದ್ದಾರೆ. ಬಣ್ಣ ಮಾಸಿದ ಹಳೇ ರೋಲುಗಳಿಗೆ ಒಂದು, ಕಪ್ಪು ಬಿಳುಪಿಗೆ ಒಂದು. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ಅದನ್ನು ಮತ್ತೆ ಮಾಡಿಕೊಡಲು ಆಗಲ್ಲ. ಆ ಪಿಸಿಯನ್ನು ಮುಟ್ಟದೇ ದಾರಿ ಇದ್ದರೆ ಹೇಳಿ.

ದೋಹಾ ಕನ್ನಡಿಗ

ದಾರಿ ಇದೆ, ನಾನೇ ಬಳಸಿದ್ದೇನೆ. ಕೆಲವು ಯುಎಸ್‌ಬಿ ಡಬ್ಬಿಗಳು ಒಳಗಿನ ದೊಡ್ಡ ಡಿಸ್ಕನ್ನು ಪಿಸಿಗೆ 4096 ಬೈಟ್ ಸೆಕ್ಟರಿನದ್ದು ಅಂತ ತೋರಿಸುತ್ತವೆ. ಸೆಕ್ಟರ್ ಎಂಟು ಪಟ್ಟು ದೊಡ್ಡದಾದರೆ ಸಂಖ್ಯೆ ಎಂಟು ಪಟ್ಟು ಕಡಿಮೆ ಆಯಿತು. ಆಗ ಎಕ್ಸ್‌ಪಿಯ 32 ಬಿಟ್ ಲೆಕ್ಕದಲ್ಲೇ 17 ಟಿಬಿ ತನಕ ಹಿಡಿಯುತ್ತದೆ. ಡಬ್ಬಿಗೆ ಹಾಕಿ, ಕೇಬಲ್ ಚುಚ್ಚಿ, ಫಾರ್ಮ್ಯಾಟ್ ಮಾಡಿ, ಮುಗಿಯಿತು. ನಾಲ್ಕು ವರ್ಷದಿಂದ ನನ್ನದು ಹಾಗೇ ನಡೆಯುತ್ತಿದೆ. ಪಿಸಿ ಬಿಚ್ಚುವ ಕೆಲಸವೇ ಇಲ್ಲ.

ತುಂಗಾತೀರ, ಶಿವಮೊಗ್ಗ

ಇದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ನಡೆಯಲ್ಲ ಅಂತ ಅಲ್ಲ. ನಡೆಯುತ್ತದೆ. ತೊಂದರೆ ಬರುವುದು ಡಬ್ಬಿ ಕೆಟ್ಟ ದಿನ.

ಒಳಗಿನ ಡಿಸ್ಕ್ ನಿಜವಾಗಿ ಮಾತಾಡುವುದು 512 ಬೈಟಿನಲ್ಲಿ. ಪಾರ್ಟಿಷನ್ ಪಟ್ಟಿಯಲ್ಲಿ (ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಗೆ ಅನ್ನುವ ಪಟ್ಟಿ) "2048ನೇ ಸೆಕ್ಟರಿನಿಂದ ಶುರು" ಅಂತ ಬರೆದಿದ್ದರೆ, ಡಬ್ಬಿಯಲ್ಲಿದ್ದಾಗ ಅದರ ಅರ್ಥ ಒಂದು ಜಾಗ, ಪಿಸಿಯ ಒಳಗಿನ ಸಾಟಾ ಕೇಬಲಿಗೆ ನೇರವಾಗಿ ಹಾಕಿದಾಗ ಬೇರೆ ಜಾಗ. ಅಂದರೆ ಡಬ್ಬಿಯ ಸಣ್ಣ ಸರ್ಕ್ಯೂಟ್ ಸುಟ್ಟು ಹೋಗಿ ನೀವು ಡಿಸ್ಕನ್ನು ಹೊರಗೆ ತೆಗೆದು ಬೇರೆ ಪಿಸಿಗೆ ಹಾಕಿದರೆ "ಖಾಲಿ ಡಿಸ್ಕ್, ಇನಿಶಿಯಲೈಸ್ ಮಾಡಲಾ?" ಅಂತ ಕೇಳುತ್ತದೆ. ಗಾಬರಿಯಲ್ಲಿ ಯಾರೋ ಹೂಂ ಅನ್ನುತ್ತಾರೆ. ಅದೇ ತರಹದ ಡಬ್ಬಿ ಹತ್ತು ವರ್ಷದ ಮೇಲೆ ಎಲ್ಲಿ ಹುಡುಕುತ್ತೀರಿ?

ಮೇಲಾಗಿ ಆ ಜಿ31 ಬೋರ್ಡಿನಲ್ಲಿ ಇರುವುದು ಯುಎಸ್‌ಬಿ 2.0. ಸೆಕೆಂಡಿಗೆ 30 ಎಂಬಿ ಸಿಕ್ಕರೆ ಪುಣ್ಯ. 4 ಟಿಬಿ ತುಂಬಲು 37 ಗಂಟೆ ಬೇಕು. ಸಾಗರದಲ್ಲಿ ಮಳೆಗಾಲದಲ್ಲಿ 37 ಗಂಟೆ ಕರೆಂಟ್ ಸತತವಾಗಿ ಇರುತ್ತದಾ?

ದೋಹಾ ಕನ್ನಡಿಗ

ಡಬ್ಬಿ ಕೆಟ್ಟಾಗ ಹೀಗಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇವತ್ತೇ ನನ್ನ ಡಬ್ಬಿಯಲ್ಲಿದ್ದದ್ದನ್ನು ಇನ್ನೊಂದು ಡಿಸ್ಕಿಗೆ ಕಾಪಿ ಹಾಕುತ್ತೇನೆ. ಆದರೂ ಒಂದು ಕೇಳುತ್ತೇನೆ. ಇವರು ಈ 1678 ಜಿಬಿಯನ್ನೇ ಒಂದು ಪಾರ್ಟಿಷನ್ ಮಾಡಿ ಬಳಸಿದರೆ ಏನು ತೊಂದರೆ? ಉಳಿದ ಜಾಗ ಹೋದರೆ ಹೋಗಲಿ, 700 ರೋಲ್ ಹಿಡಿಯುತ್ತದಲ್ಲ.

ತುಂಗಾತೀರ, ಶಿವಮೊಗ್ಗ

ಆ ಪಿಸಿಯಿಂದ ಆಚೆ ಹೋಗದೇ ಇದ್ದರೆ ನಡೆಯುತ್ತದೆ. ಆದರೆ ಡಿಸ್ಕ್ ಆಚೆ ಹೋಗೇ ಹೋಗುತ್ತದೆ. ತಮ್ಮನೋ, ಅಂಗಡಿಯವನೋ ಹೊಸ ಪಿಸಿಗೆ ಹಾಕಿ "ಅಯ್ಯೋ, 2 ಟಿಬಿ ಸುಮ್ನೆ ಬಿದ್ದಿದೆ" ಅಂತ ಅಲ್ಲಿ ಪಾರ್ಟಿಷನ್ ದೊಡ್ಡದು ಮಾಡುತ್ತಾರೆ. ಮತ್ತೆ ತಂದು ಹಳೇ ಪಿಸಿಗೆ ಸಿಕ್ಕಿಸುತ್ತಾರೆ. ಎರಡು ಪಿಸಿಯ ಗಡಿ ಬೇರೆ ಬೇರೆ ಆದಾಗಲೇ ಅನಾಹುತ ಆಗುವುದು. ನನ್ನ ಕೈಯಿಂದಲೇ ಆಗಿದೆ, ಹೇಳುತ್ತೇನೆ.

2003ನೇ ಇಸವಿ. ಆಗ ಅಡ್ಡಿಯಾಗಿದ್ದ ಗಡಿ 137 ಜಿಬಿ. 28 ಬಿಟ್ಟಿನ ವಿಳಾಸ, 26 ಕೋಟಿ 84 ಲಕ್ಷ ಸೆಕ್ಟರಿಗೆ ಮುಗಿಯುತ್ತಿತ್ತು. ಒಬ್ಬರು ಡಿಟಿಪಿ ಮಾಡುವವರು 160 ಜಿಬಿ ಡಿಸ್ಕ್ ತಂದು ಹಾಕಿಕೊಡಿ ಅಂದರು. ನನ್ನ ಅಂಗಡಿಯ ಹೊಸ ಪಿಸಿಯಲ್ಲಿ ಪೂರ್ತಿ ಡಿಸ್ಕನ್ನು ಒಂದೇ ಫ್ಯಾಟ್32 ಪಾರ್ಟಿಷನ್ ಮಾಡಿದೆ. ಅವರ ಹಳೇ ಪಿಸಿಗೆ ಹಾಕಿದೆ. ಪೂರ್ತಿ ಕಾಣಿಸಿತು. ಖುಷಿಯಿಂದ ಕಳಿಸಿದೆ. ಎಂಟು ತಿಂಗಳು ಏನೂ ಆಗಲಿಲ್ಲ. ಅವರು ತುಂಬುತ್ತಾ ಹೋದರು. ಒಂದು ಸಂಜೆ ಒಂದು ದೊಡ್ಡ ಫೈಲ್ ಸೇವ್ ಮಾಡಿದರು, ಅದು 137 ದಾಟಿತು. ಹಳೇ ಪಿಸಿಗೆ ಅಲ್ಲಿಂದ ಮುಂದೆ ವಿಳಾಸ ಇಲ್ಲ. ಮೀಟರ್ ಸುತ್ತಿ ಸೊನ್ನೆಗೆ ಬಂತು. ಫೈಲನ್ನು ಡಿಸ್ಕಿನ ಮೊದಲ ಸೆಕ್ಟರುಗಳ ಮೇಲೆ ಬರೆಯಿತು. ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಇರುವುದೇ ಆ ಮೊದಲ ಹತ್ತಿಪ್ಪತ್ತು ಎಂಬಿಯಲ್ಲಿ. ಪುಸ್ತಕದ ಪರಿವಿಡಿಯ ಮೇಲೆ ಮಸಿ ಚೆಲ್ಲಿದ ಹಾಗಾಯಿತು. ಎಚ್ಚರಿಕೆ ಇಲ್ಲ, ಎರರ್ ಇಲ್ಲ. ಬೆಳಿಗ್ಗೆ ಆನ್ ಮಾಡಿದರೆ ಡಿಸ್ಕ್ ಖಾಲಿ.

ಎಂಟು ತಿಂಗಳ ಆಮಂತ್ರಣ ಪತ್ರಿಕೆಗಳು, ಒಂದು ಊರಿನ ದೇವಸ್ಥಾನದ ಸ್ಮರಣ ಸಂಚಿಕೆಯ ಪುಟಗಳು. ಅವರು ನನ್ನನ್ನು ಬೈಯಲಿಲ್ಲ. ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಎರಡು ಪಿಸಿಯ ಗಡಿ ನೋಡದೇ ಇದ್ದದ್ದು ನನ್ನ ತಪ್ಪು. ಅವತ್ತಿನಿಂದ ದೊಡ್ಡ ಡಿಸ್ಕನ್ನು ಕೊನೇ ಸೆಕ್ಟರ್ ತನಕ ತುಂಬಿ, ಓದಿ ನೋಡದೇ ಯಾರಿಗೂ ಕೊಟ್ಟಿಲ್ಲ.

ಎಕ್ಸ್‌ಪಿಗೆ ಆ ಗಡಿ 2002ರ ಸರ್ವೀಸ್ ಪ್ಯಾಕ್ 1ರಲ್ಲಿ ಹೋಯಿತು. ಅದಕ್ಕೂ ಮೊದಲು 528 ಎಂಬಿ ಇತ್ತು, 8.4 ಜಿಬಿ ಇತ್ತು, 33.8 ಜಿಬಿ ಇತ್ತು. ಗಡಿ ಬದಲಾಗುತ್ತಾ ಬಂದಿದೆ, ಅನಾಹುತ ಮಾತ್ರ ಅದೇ.

ಹೊಸ ಬೋರ್ಡು, ಬೆಂಗಳೂರು

ಇದನ್ನು ಓದಿದ ಮೇಲೆ ನನ್ನ ಮಾತು ಇನ್ನೂ ಗಟ್ಟಿ ಆಯಿತು. ಇಷ್ಟೆಲ್ಲ ಗೊತ್ತಿದ್ದೂ ಹಳೇ ಪಿಸಿಗೆ ಯಾಕೆ ಕಟ್ಟಿಕೊಳ್ಳಬೇಕು ಸರ್?

ಪೆಂಗ್ವಿನ್ ಪ್ರಿಯ, ಹುಬ್ಬಳ್ಳಿ

ಯಾಕಂದರೆ ಗಡಿ ಇರುವುದು ಹಳೇ ಪಿಸಿಯಲ್ಲಿ ಅಲ್ಲ ಅಣ್ಣ, ಎಕ್ಸ್‌ಪಿಯಲ್ಲಿ. ಇಬ್ಬರೂ ಅದನ್ನು ಬೆರೆಸುತ್ತಿದ್ದೀರಿ.

ಆ ಬೋರ್ಡಿನ ಸಾಟಾ ಕಂಟ್ರೋಲರ್ 48 ಬಿಟ್ ವಿಳಾಸ ಕಳಿಸುತ್ತದೆ. 4 ಟಿಬಿ ಅದಕ್ಕೆ ಏನೂ ಅಲ್ಲ. ಬಯಾಸ್ (ಪಿಸಿ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಪರದೆಯಲ್ಲಿ ತಪ್ಪು ಸಂಖ್ಯೆ ಬರಬಹುದು, ಬರಲಿ. ಬಯಾಸ್ ಬೇಕಾಗುವುದು ಬೂಟ್ ಆಗುವ ತನಕ. ಆಮೇಲೆ ಲಿನಕ್ಸ್ (ವಿಂಡೋಸ್ ಬದಲು ಹಾಕಬಹುದಾದ ಇನ್ನೊಂದು ಓಎಸ್) ಡಿಸ್ಕನ್ನು ನೇರವಾಗಿ ಕೇಳಿ ಅಳತೆ ತಿಳಿದುಕೊಳ್ಳುತ್ತದೆ. ಹಾಗಾಗಿ ಹೀಗೆ ಮಾಡಿ. ಹಳೇ 320 ಜಿಬಿಯಲ್ಲಿ ಎಕ್ಸ್‌ಪಿ ಇದ್ದ ಹಾಗೇ ಇರಲಿ. ಮನೆಯಲ್ಲಿ ಬಿದ್ದಿರುವ ಯಾವುದಾದರೂ ಸಣ್ಣ ಡಿಸ್ಕ್ ಅಥವಾ 120 ಜಿಬಿ ಎಸ್‌ಎಸ್‌ಡಿಗೆ ಹಗುರವಾದ ಲಿನಕ್ಸ್ ಹಾಕಿ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಸಾಕು. 4 ಟಿಬಿಯನ್ನು ಲಿನಕ್ಸಿನಲ್ಲಿ ಜಿಪಿಟಿ (ಹೊಸ ತರಹದ ಪಾರ್ಟಿಷನ್ ಪಟ್ಟಿ) ಮಾಡಿ. ಜಿಪಿಟಿಯಲ್ಲಿ ಸೆಕ್ಟರ್ ಸಂಖ್ಯೆ 64 ಬಿಟ್, ಮೀಟರ್ ಸುತ್ತುವ ಮಾತೇ ಇಲ್ಲ. ಹಗಲು ಎಕ್ಸ್‌ಪಿಯಲ್ಲಿ ಸ್ಕ್ಯಾನ್ ಮಾಡಿ 320ಕ್ಕೆ ಇಳಿಸಿ. ರಾತ್ರಿ ಲಿನಕ್ಸಿಗೆ ಬೂಟ್ ಮಾಡಿ 4 ಟಿಬಿಗೆ ಸಾಗಿಸಿ.

ಇದರಲ್ಲಿ ಒಂದು ಚೆಂದ ಇದೆ. 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಅರ್ಥ ಆಗಲ್ಲ. "ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಷನ್" ಅಂತ ತೋರಿಸಿ ಸುಮ್ಮನಾಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದನ್ನು ಫಾರ್ಮ್ಯಾಟ್ ಮಾಡಲೂ ಬಿಡಲ್ಲ, ಅಳಿಸಲೂ ಬಿಡಲ್ಲ. ತುಂಗಾತೀರ ಸರ್ ಹೆದರುತ್ತಿರುವ ಅನಾಹುತಕ್ಕೆ ಅದೇ ಬೀಗ.

ತುಂಗಾತೀರ, ಶಿವಮೊಗ್ಗ

ಇದು ಒಳ್ಳೇ ದಾರಿ. ನನ್ನ ಒಪ್ಪಿಗೆ ಇದೆ. ಡಿಸ್ಕನ್ನು ಎಕ್ಸ್‌ಪಿಗೆ ತಕ್ಕ ಹಾಗೆ ಬಗ್ಗಿಸುವುದಕ್ಕಿಂತ ಎಕ್ಸ್‌ಪಿಯನ್ನೇ ಡಿಸ್ಕಿನಿಂದ ದೂರ ಇಡುವುದು ವಾಸಿ. ನಾಳೆ ಬೋರ್ಡು ಸತ್ತರೂ ಡಿಸ್ಕ್ ಯಾವ ಪಿಸಿಗೆ ಹಾಕಿದರೂ ತೆರೆಯಬೇಕು. ಹಾಗಾಗಿ ಎಕ್ಸ್‌ಟಿ4 (ಲಿನಕ್ಸಿನ ಫಾರ್ಮ್ಯಾಟ್) ಬೇಡ, ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್) ಮಾಡಿ. ಮನೆಯ ಉಳಿದವರ ಹತ್ತಿರ ವಿಂಡೋಸ್ ಲ್ಯಾಪ್‌ಟಾಪ್ ತಾನೇ ಇರುವುದು.

ಪೆಂಗ್ವಿನ್ ಪ್ರಿಯ, ಹುಬ್ಬಳ್ಳಿ

ಎಕ್ಸ್‌ಟಿ4 ಆದರೆ ಕೋರ್ 2 ಡ್ಯುಯೋದಲ್ಲಿ ಜಾಸ್ತಿ ಸ್ಪೀಡ್ ಸಿಗುತ್ತದೆ, ಕರೆಂಟ್ ಹೋದರೆ ಲಿನಕ್ಸಿನಲ್ಲೇ ರಿಪೇರಿ ಮಾಡಬಹುದು. ಎನ್‌ಟಿಎಫ್‌ಎಸ್ ರಿಪೇರಿಗೆ ವಿಂಡೋಸೇ ಬೇಕು. ಆದರೂ ಇವರ ಮನೆಯ ಪರಿಸ್ಥಿತಿಗೆ ನೀವು ಹೇಳಿದ್ದೇ ಸರಿ ಇರಬಹುದು.

ಗೋಧೂಳಿ, ಮೈಸೂರು

ನಾನು ಹಸ್ತಪ್ರತಿ ಸ್ಕ್ಯಾನಿಂಗ್ ಕೆಲಸದಲ್ಲಿ ಇದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ 4 ಟಿಬಿ ಪೂರ್ತಿ ಕಾಣಿಸುವುದು ಹೇಗೆ ಅಂತಲೇ ಮಾತಾಡುತ್ತಿದ್ದೀರಿ. ಪೂರ್ತಿ ಕಂಡರೂ ಅದು ಒಂದೇ ಡಿಸ್ಕ್. ಬಿದ್ದರೆ ಎಲ್ಲಾ ಹೋಯಿತು.

ನಾನಾಗಿದ್ದರೆ 4 ಟಿಬಿಯ ಬದಲು 2 ಟಿಬಿಯ ಎರಡು ಡಿಸ್ಕ್ ತರುತ್ತಿದ್ದೆ. 2 ಟಿಬಿ ಅಂದರೆ 1863 ಜಿಬಿ, 2048ರ ಒಳಗೇ ಇದೆ. ಎಕ್ಸ್‌ಪಿಯಲ್ಲೇ ಪೂರ್ತಿ ಕಾಣುತ್ತದೆ, ಲಿನಕ್ಸ್ ಬೇಕಿಲ್ಲ, ಡಬ್ಬಿ ಬೇಕಿಲ್ಲ. ಒಂದರಲ್ಲಿ ಮೂಲ, ಇನ್ನೊಂದರಲ್ಲಿ ಅದರ ನಕಲು, ಬೇರೆ ಮನೆಯಲ್ಲಿ. ಪಾರ್ಟಿಷನ್ ಮಾತ್ರ ಹೊಸ ಪಿಸಿಯಲ್ಲಿ ಮಾಡಿಸಿಕೊಂಡು ಬನ್ನಿ. ಎಕ್ಸ್‌ಪಿ 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ, ಈಗಿನ ಡಿಸ್ಕುಗಳ ಒಳಗೆ 4096 ಬೈಟಿನ ಸೆಕ್ಟರ್ ಇರುವುದರಿಂದ ಅದು ಹೊಂದದೆ ಬರೆಯುವುದು ನಿಧಾನ ಆಗುತ್ತದೆ. 2048ರಿಂದ ಶುರು ಆದರೆ ಸರಿ.

ನೆಗೆಟಿವ್ ಪೆಟ್ಟಿಗೆ, ಸಾಗರ

ಮೇಡಂ, ನಿಮ್ಮ ಮಾತು ನೇರವಾಗಿ ನಾಟಿತು. ಅಂಗಡಿಯವರು ಬದಲಿಸಿ ಕೊಡಲ್ಲ ಅಂದರು, ಸೀಲ್ ಒಡೆದಾಗಿದೆ. 4 ಟಿಬಿ ನನ್ನ ಹತ್ತಿರವೇ ಉಳಿಯುತ್ತದೆ. ಆದರೆ ಎರಡನೇ ಡಿಸ್ಕ್ ಬರುವ ತನಕ ಸ್ಕ್ಯಾನ್ ಆದ ರೋಲುಗಳನ್ನು 320ರಿಂದ ಅಳಿಸಲ್ಲ. ನೆಗೆಟಿವ್‌ಗಳನ್ನಂತೂ ಬಿಸಾಡುವ ಮಾತೇ ಇಲ್ಲ.

ಹೊಸ ಬೋರ್ಡು, ಬೆಂಗಳೂರು

ಪವರ್ ವಿಷಯ ಒಂದು ಹೇಳಿಬಿಡುತ್ತೇನೆ, ಇದು ಯಾರೂ ಹೇಳಲಿಲ್ಲ. ಹಳೇ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ವೈರ್ ಒಂದೋ ಎರಡೋ ಇರುತ್ತದೆ. ಮೂರನೇ ಡಿಸ್ಕಿಗೆ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಕನ್ವರ್ಟರ್ ಹಾಕುತ್ತಾರೆ. ಅಚ್ಚು ಹಾಕಿ ಮುಚ್ಚಿದ ಅಗ್ಗದ ಕನ್ವರ್ಟರ್ ಬೇಡವೇ ಬೇಡ. ಒಳಗೆ ವೈರುಗಳು ತಾಗಿ ಸುಟ್ಟು ಹೋಗುತ್ತವೆ. ವೈರ್ ಒಂದೊಂದೂ ಬಿಡಿಬಿಡಿಯಾಗಿ ಒತ್ತಿ ಕೂರಿಸಿದ್ದು ತಗೊಳ್ಳಿ. ದೊಡ್ಡ ಡಿಸ್ಕ್ ತಿರುಗಲು ಶುರು ಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆನ್ ಮಾಡಿದಾಗ ಕಿವಿಗೊಟ್ಟು ಕೇಳಿ. ತಿರುಗಿ ನಿಂತು, ಮತ್ತೆ ತಿರುಗಿ ನಿಂತರೆ ಎಸ್‌ಎಂಪಿಎಸ್ ಬದಲಿಸಿ.

ಪಿಸಿಯನ್ನೇ ಬದಲಿಸಬೇಕು ಅನ್ನುವ ನನ್ನ ಅಭಿಪ್ರಾಯ ಹಾಗೇ ಇದೆ. ಈ ಕೆಲಸ ಇನ್ನೂ ಐದು ವರ್ಷ ನಡೆಯುತ್ತದೆ, ಅಷ್ಟು ದಿನ ಆ ಬೋರ್ಡು ಬಾಳಲ್ಲ.

ನೆಗೆಟಿವ್ ಪೆಟ್ಟಿಗೆ, ಸಾಗರ

ಹತ್ತು ದಿನ ಆಯಿತು, ಏನೇನು ಮಾಡಿದೆ ಅಂತ ಹೇಳಬೇಕು.

ತಮ್ಮನ ಹಳೇ ಲ್ಯಾಪ್‌ಟಾಪಿನ 120 ಜಿಬಿ ಎಸ್‌ಎಸ್‌ಡಿ ಇತ್ತು, ಅದಕ್ಕೆ ಲಿನಕ್ಸ್ ಹಾಕಿದೆ. ಎಸ್‌ಎಂಪಿಎಸ್ ಹೊಸದು ತಂದೆ, ಹಳೆಯದು ನಿಜವಾಗಿ ಕಿರಗುಡುತ್ತಿತ್ತು. ಜಿಪಿಟಿ, ಎನ್‌ಟಿಎಫ್‌ಎಸ್. ಲಿನಕ್ಸಿನಲ್ಲಿ 4.0 ಟಿಬಿ, ಅದೇ ಡಿಸ್ಕ್ ತಮ್ಮನ ಈಗಿನ ಪಿಸಿಯಲ್ಲಿ 3.63 ಟಿಬಿ. ಎಕ್ಸ್‌ಪಿಯಲ್ಲಿ ಬೀಗ ಬಿದ್ದ ಹಾಗೇ ಕಾಣುತ್ತಿದೆ, ಬಲಗಡೆ ಕ್ಲಿಕ್ ಮಾಡಿದರೆ ಎಲ್ಲಾ ಬೂದು ಬಣ್ಣ.

ತುಂಗಾತೀರ ಸರ್ ಹೇಳಿದ ಹಾಗೆ ಫೋಟೋ ಹಾಕುವ ಮೊದಲು ತುಂಬಿ ನೋಡಿದೆ. ಎಫ್3 ಅನ್ನುವ ಪ್ರೋಗ್ರಾಂ 1 ಜಿಬಿಯ ಫೈಲುಗಳನ್ನು ಬರೆಯುತ್ತಾ ಹೋಗುತ್ತದೆ. ಒಂದು ರಾತ್ರಿ, ಒಂದು ಹಗಲು ಬರೆಯಿತು. ನಡುವೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಕಾಪಾಡಿತು. 2048ನೇ ಫೈಲ್ ದಾಟುವಾಗ ಸಂಜೆ ನಾಲ್ಕೂವರೆ, ನಾನು ಪಕ್ಕದಲ್ಲೇ ಕೂತಿದ್ದೆ. ಪೂರ್ತಿ ತುಂಬಿದ ಮೇಲೆ ಮೊದಲ ಫೈಲಿನಿಂದ ಓದಿಸಿದೆ. ಒಂದೂ ಕೆಟ್ಟಿಲ್ಲ. ಆಮೇಲೆ ಎಲ್ಲಾ ಅಳಿಸಿ ಮೊದಲ ರೋಲ್ ಸಾಗಿಸಿದೆ. ಹಳೇ ರೋಲು, ಊರಿನ ಮಾರಿಕಾಂಬಾ ಜಾತ್ರೆಯದು. ಅಪ್ಪನಿಗೆ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಹತ್ತಿರ ಬಂದು, ಬಲೂನು ಹಿಡಿದ ಹುಡುಗಿ ಯಾರ ಮಗಳು ಅಂತ ಹೇಳಿದರು.

ಗೋಧೂಳಿ, ಮೈಸೂರು

ಬಹಳ ಸಂತೋಷ ಆಯಿತು. ಅಪ್ಪ ಹೆಸರು ಹೇಳಿದರಲ್ಲ, ಅದನ್ನು ಆ ರೋಲಿನ ಫೋಲ್ಡರಿನಲ್ಲೇ ಒಂದು ಸಣ್ಣ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಯೂನಿಕೋಡಿನಲ್ಲೇ ಬರೆಯಿರಿ, ಹಳೇ ಫಾಂಟಿನಲ್ಲಿ ಬರೆದರೆ ಮುಂದೆ ಓದಲು ಬರಲ್ಲ. ಎರಡನೇ ಡಿಸ್ಕ್ ಯಾವಾಗ?

ನೆಗೆಟಿವ್ ಪೆಟ್ಟಿಗೆ, ಸಾಗರ

ದೀಪಾವಳಿಗೆ ಮೇಡಂ. ಶಿರಸಿಯಲ್ಲಿ ಅಕ್ಕನ ಮನೆ ಇದೆ, ಅಲ್ಲಿ ಇಡುತ್ತೇನೆ. ಹೆಸರು ಬರೆಯುವ ಕೆಲಸ ನಿನ್ನೆಯಿಂದಲೇ ಶುರು ಮಾಡಿದ್ದೇನೆ. ಅಪ್ಪ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಇಲ್ಲಿಯವರೆಗೆ ಎರಡು ರೋಲ್ ಆಗಿದೆ.